ರೇಡಿಯೊ ಖಗೋಳಶಾಸ್ತ್ರದ ರಕ್ಷಣೆಯೂ ತರಂಗಗಳ ಕಟ್ಟಳೆಯೂ

೧

ಆಕಾಶದಿಂದ ಭೂಮಿಗೆ ಬರುವ ಸಮಾಚಾರವೆಲ್ಲವೂ ಬೆಳಕಿನ ಮೂಲಕವೇ ಬರತಕ್ಕದ್ದೆಂಬ ಭಾವನೆಯು ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಪಂಡಿತರಲ್ಲಿ ರೂಢವಾಗಿದ್ದಿತು. ಈ ಭಾವನೆಯನ್ನು ಮುರಿದ ಶೋಧವು ವೇಧಶಾಲೆಯಲ್ಲಿ ಹುಟ್ಟಲಿಲ್ಲ, ದೂರವಾಣಿಯ ವ್ಯಾಪಾರದಲ್ಲಿ ಹುಟ್ಟಿತು. ಅಮೆರಿಕದ ಬೆಲ್ ದೂರವಾಣಿ ಪ್ರಯೋಗಶಾಲೆಯಲ್ಲಿದ್ದ ಕಾರ್ಲ್ ಜಾನ್ಸ್ಕಿ ಎಂಬ ತರುಣನಿಗೆ, ಸಮುದ್ರದಾಚೆಗೆ ರೇಡಿಯೊ ಮೂಲಕ ನಡೆಯುವ ಸಂಭಾಷಣೆಯನ್ನು ಕೆಡಿಸುವ ಗದ್ದಲವು ಎಲ್ಲಿಂದ ಬರುವುದೆಂದು ಕಂಡುಹಿಡಿಯುವ ಕೆಲಸವನ್ನು ಒಪ್ಪಿಸಲಾಗಿದ್ದಿತು. ಆತನು ೧೪.೬ ಮೀಟರು ಉದ್ದದ ಅಲೆಗಳನ್ನು ಹಿಡಿಯುವ, ಸುತ್ತಲೂ ತಿರುಗುವ ಗ್ರಾಹಕವೊಂದನ್ನು ನ್ಯೂ ಜೆರ್ಸಿಯ ಹೋಮ್‌ಡೆಲ್ ಎಂಬಲ್ಲಿ ಕಟ್ಟಿ ಆಲಿಸಿದನು. ಸಮೀಪದ ಗುಡುಗಿನ ಸದ್ದು, ದೂರದ ಗುಡುಗಿನ ಸದ್ದು, ಇವೆರಡೂ ಅಲ್ಲದೆ ಎಡೆಬಿಡದ ಸಣ್ಣ ಸುಯ್ಯೆಂಬ ಮೂರನೆಯ ಸದ್ದೊಂದು ಅದರಲ್ಲಿ ಕೇಳಿಬಂದಿತು. ಆ ಸದ್ದು ದಿನದಿನವೂ ನಾಲ್ಕು ನಿಮಿಷ ಮುಂಚಿತವಾಗಿ, ಎಂದರೆ ೨೩ ಗಂಟೆ ೫೬ ನಿಮಿಷಗಳಿಗೊಮ್ಮೆ, ಉಚ್ಚಸ್ಥಿತಿಗೆ ಬರುತ್ತಿದ್ದುದರಿಂದ ಅದರ ಮೂಲವು ಸೂರ್ಯನಲ್ಲ, ನಕ್ಷತ್ರಗಳ ನಡುವೆ ಇರುವುದೆಂದು ಸಿದ್ಧವಾಯಿತು. ಅದು ಧನುರಾಶಿಯ ದಿಕ್ಕಿನಲ್ಲಿರುವ ಆಕಾಶಗಂಗೆಯ ನಡುಭಾಗದಿಂದ ಬರುತ್ತಿದೆಯೆಂದು ೧೯೩೩ರಲ್ಲಿ ಪ್ರಕಟವಾಯಿತು.

ಹೀಗೆ ಗದ್ದಲವನ್ನು ತೊಲಗಿಸಲು ಹೊರಟ ಪ್ರಯತ್ನವೇ ಒಂದು ನೂತನ ಶಾಸ್ತ್ರಕ್ಕೆ ಜನ್ಮವಿತ್ತಿತು. ಇಂದು ಆ ಶಾಸ್ತ್ರವೇ ಮಾನವನ ಗದ್ದಲದಿಂದ ಪೀಡಿತವಾಗಿದೆ. ಈ ಪೀಡೆಯ ಸ್ವರೂಪವೇನು, ಇದರ ನಿವಾರಣೆಗಾಗಿ ರಾಷ್ಟ್ರಗಳು ಯಾವ ಕಟ್ಟಳೆಗಳನ್ನು ಮಾಡಿಕೊಂಡಿವೆ, ಆ ಕಟ್ಟಳೆಗಳು ಎಲ್ಲಿಯವರೆಗೆ ಫಲಕಾರಿಯಾಗಿವೆ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಆಕಾಶದ ರೇಡಿಯೊ ಅಲೆಗಳು ಅತ್ಯಂತ ಕ್ಷೀಣವಾದುವು. ಅವುಗಳನ್ನು ಅಳೆಯುವ ಮಾನಕ್ಕೆ ಜಾನ್ಸ್ಕಿಯ ಹೆಸರನ್ನೇ ಇಟ್ಟಿರುವರು. ಒಂದು ಚದರ ಮೀಟರು ನೆಲದ ಮೇಲೆ, ಒಂದು ಹರ್ಟ್ಸ್ ಅಗಲದ ಪಟ್ಟಿಯಲ್ಲಿ ಬೀಳುವ ಶಕ್ತಿಯು ಒಂದು ವಾಟಿನಲ್ಲಿ, ಒಂದರ ಮುಂದೆ ಇಪ್ಪತ್ತಾರು ಸೊನ್ನೆಗಳನ್ನು ಬರೆದಾಗ ಬರುವ ಸಂಖ್ಯೆಯಿಂದ ಭಾಗಿಸಿದಷ್ಟಾದರೆ, ಅದು ಒಂದು ಜಾನ್ಸ್ಕಿ. ದೂರದ ಗೆಲಾಕ್ಸಿಗಳನ್ನು ಪರಿಶೀಲಿಸುವವರು ಜಾನ್ಸ್ಕಿಯ ಸಾವಿರದ ಒಂದಂಶವನ್ನೂ ಅದಕ್ಕಿಂತ ಕಡಿಮೆಯಾದುದನ್ನೂ ಅಳೆಯಬೇಕಾಗುವುದು. ಇದರ ಸೂಕ್ಷ್ಮತೆಯನ್ನು ಮನಗಾಣಲು ಒಂದು ಲೆಕ್ಕವನ್ನು ನೋಡಬಹುದು. ೩,೮೪,೦೦೦ ಕಿಲೋಮೀಟರು ದೂರದ ಚಂದ್ರನ ಮೇಲೆ ಕೈಫೋನಿನಷ್ಟೇ ಸಣ್ಣದಾದ, ಒಂದು ವಾಟು ಶಕ್ತಿಯ ಪ್ರೇಷಕವೊಂದನ್ನಿಟ್ಟು, ಆ ಶಕ್ತಿಯು ಹತ್ತು ಲಕ್ಷ ಹರ್ಟ್ಸ್ ಅಗಲಕ್ಕೆ ಹರಡಿ ಎಲ್ಲ ದಿಕ್ಕುಗಳಿಗೂ ಸಮವಾಗಿ ಹೊರಡುವುದೆಂದು ಭಾವಿಸಿದರೆ, ಅದು ಭೂಮಿಯ ಮೇಲೆ ಐವತ್ತು ಜಾನ್ಸ್ಕಿಗಿಂತ ಹೆಚ್ಚಾಗಿ ಕಾಣುವುದು. ಚಂದ್ರನ ಮೇಲಿನ ಒಂದು ಕೈಫೋನೇ ಇಷ್ಟು ಪ್ರಖರವಾಗಿರುವಲ್ಲಿ, ಪಕ್ಕದ ಊರಿನ ಪ್ರೇಷಕಸ್ತಂಭದ ಮಾತನ್ನು ಹೇಳಬೇಕಾದುದೇನು?

ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ ಕಂಡುಬರುತ್ತಿದ್ದ ಕೆಲವು ಕ್ಷಣಿಕ ಸ್ಫೋಟಗಳು ವಿದ್ವಾಂಸರನ್ನು ಬಹುಕಾಲ ತಬ್ಬಿಬ್ಬುಗೊಳಿಸಿದ್ದುವು. ಕೆಲಸ ಮುಗಿಯುವುದಕ್ಕೆ ಮುಂಚೆಯೇ ಅಲ್ಲಿನ ಮೈಕ್ರೊವೇವ್ ಒಲೆಯ ಬಾಗಿಲನ್ನು ತೆರೆದಾಗ ಹೊರಬೀಳುವ ಅಲೆಯೇ ಇವಕ್ಕೆ ಕಾರಣವೆಂದು ೨೦೧೫ರಲ್ಲಿ ನಿರ್ಧಾರವಾಯಿತು.

ಒಂದು ಪಟ್ಟಿಯಲ್ಲಿ ಗದ್ದಲವಿದ್ದರೆ ಶಾಸ್ತ್ರಜ್ಞರು ಬೇರೊಂದಕ್ಕೆ ಹೋಗಬಾರದೇಕೆ ಎಂಬ ಪ್ರಶ್ನೆಯು ಸಹಜವಾಗಿ ಏಳುವುದು. ಬಾನುಲಿ ನಿಲಯವು ತನ್ನ ಆವರ್ತಾಂಕವನ್ನು ಬದಲಾಯಿಸಿಕೊಳ್ಳಬಹುದು. ಜಲಜನಕದ ಪರಮಾಣುವಿಗೆ ಆ ಸ್ವಾತಂತ್ರ್ಯವಿಲ್ಲ. ಅದು ೧೪೨೦.೪ ಮೆಗಾಹರ್ಟ್ಸಿನಲ್ಲಿ, ಸುಮಾರು ೨೧ ಸೆಂಟಿಮೀಟರು ಉದ್ದದ ಅಲೆಯಾಗಿಯೇ ನುಡಿಯಬೇಕು. ಹಾಲೆಂಡಿನ ವಾನ್ ಡೆ ಹುಲ್ಸ್ಟ್ ೧೯೪೪ರಲ್ಲಿ ಗಣಿತದಿಂದ ಊಹಿಸಿದ ಈ ರೇಖೆಯನ್ನು ಹಾರ್ವರ್ಡಿನ ಈವನ್ ಮತ್ತು ಪರ್ಸೆಲ್ ೧೯೫೧ರ ಮಾರ್ಚಿನಲ್ಲಿ ಪ್ರತ್ಯಕ್ಷವಾಗಿ ಕಂಡರು. ಆಕಾಶಗಂಗೆಯ ಸುರುಳಿಬಾಹುಗಳ ನಕ್ಷೆಯನ್ನು ಬರೆಯಲು ಸಾಧ್ಯವಾದುದು ಇದರ ದೆಸೆಯಿಂದಲೇ. ಈ ಆವರ್ತಾಂಕವನ್ನು ಗೊತ್ತುಮಾಡಿದುದು ಪ್ರಕೃತಿಯಾದುದರಿಂದ, ಒಮ್ಮೆ ಕಳೆದುಕೊಂಡರೆ ಇದಕ್ಕೆ ಬದಲು ದೊರೆಯತಕ್ಕದ್ದಲ್ಲ.

೩

ರೇಡಿಯೊ ಅಲೆಗಳಿಗೆ ರಾಜ್ಯದ ಗಡಿಯಿಲ್ಲ. ಆದುದರಿಂದ ಅವುಗಳ ಹಂಚಿಕೆಯು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ವಿಷಯವಾಗಿದೆ. ೧೮೬೫ರಲ್ಲಿ ತಂತಿಸಮಾಚಾರಕ್ಕಾಗಿ ಹುಟ್ಟಿ, ಈಗ ಜಿನೀವದಲ್ಲಿ ನೆಲೆಸಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಈ ಹಂಚಿಕೆಯ ಪಟ್ಟಿಕೆಯನ್ನು ರಚಿಸಿ, ಮೂರು ನಾಲ್ಕು ವರ್ಷಗಳಿಗೊಮ್ಮೆ ಸಮ್ಮೇಳನ ಕೂಡಿ ತಿದ್ದುವುದು. ೧೯೫೯ರ ಜಿನೀವ ಸಮ್ಮೇಳನದಲ್ಲಿ ರೇಡಿಯೊ ಖಗೋಳಶಾಸ್ತ್ರವು ಮೊಟ್ಟಮೊದಲಿಗೆ ಪ್ರತ್ಯೇಕ ಸೇವೆಯೆಂದು ಅಂಗೀಕೃತವಾಯಿತು. ನೌಕಾಯಾನ, ವಿಮಾನಯಾನ, ಬಾನುಲಿ ಮೊದಲಾದ ಸೇವೆಗಳೆಲ್ಲವೂ ಏನನ್ನಾದರೂ ನುಡಿಯುವುವು. ಖಗೋಳಶಾಸ್ತ್ರವಾದರೋ ಏನನ್ನೂ ನುಡಿಯದೆ ಕೇಳುತ್ತಿರುವುದು. ನುಡಿಯುವವರಿಗಾಗಿ ರಚಿತವಾದ ಶಾಸನದಲ್ಲಿ ಕೇಳುವವನಿಗೂ ಹಕ್ಕುಂಟೆಂದು ಒಪ್ಪಿಕೊಂಡುದೇ ಆ ಸಮ್ಮೇಳನದ ಹಿರಿಮೆ.

ಇದರ ಫಲವಾಗಿ ಜಲಜನಕದ ರೇಖೆಯಿರುವ ೧೪೦೦ರಿಂದ ೧೪೨೭ ಮೆಗಾಹರ್ಟ್ಸ್ ವರೆಗಿನ ಪಟ್ಟಿಯು ಕಾದಿರಿಸಲ್ಪಟ್ಟಿತು. ಈಗ ಅಲ್ಲಿ ಯಾವ ವಿಧವಾದ ಪ್ರೇಷಣವೂ ಕೂಡದೆಂಬ ನಿಷೇಧವಿದೆ. ಉಳಿದ ಪಟ್ಟಿಗಳಲ್ಲಿ ಕೆಲವನ್ನು ಖಗೋಳಶಾಸ್ತ್ರವು ಇತರ ಸೇವೆಗಳೊಡನೆ ಸಮಾನವಾಗಿ ಹಂಚಿಕೊಂಡಿದೆ. ಮತ್ತೆ ಕೆಲವದರಲ್ಲಿ ಅದರ ಸ್ಥಾನವು ಗೌಣವಾಗಿದ್ದು, ಮುಖ್ಯ ಸೇವೆಯಿಂದ ಬಾಧೆಯುಂಟಾದರೂ ದೂರಿಕೊಳ್ಳಲು ಅವಕಾಶವಿಲ್ಲ. ಎಷ್ಟು ಗದ್ದಲವನ್ನು ಬಾಧೆಯೆನ್ನಬೇಕೆಂಬುದಕ್ಕೂ ಒಕ್ಕೂಟವು ಅಳತೆಯನ್ನಿತ್ತಿದೆ. ೨೦೦೦ ಸೆಕೆಂಡುಗಳ ವೀಕ್ಷಣೆಯಲ್ಲಿ ಅಳತೆಯ ಅನಿಶ್ಚಯವು ಶೇಕಡ ಹತ್ತಕ್ಕಿಂತ ಹೆಚ್ಚಿದರೆ ಅದು ಬಾಧೆಯೆನಿಸುವುದು. ಯಾವುದೊಂದು ಸಂಪರ್ಕವ್ಯವಸ್ಥೆಯಿಂದಲೂ ವೀಕ್ಷಣೆಯ ಶೇಕಡ ಎರಡಕ್ಕಿಂತ ಹೆಚ್ಚಿನ ಭಾಗವು, ಎಲ್ಲ ವ್ಯವಸ್ಥೆಗಳಿಂದ ಒಟ್ಟಾಗಿ ಶೇಕಡ ಐದಕ್ಕಿಂತ ಹೆಚ್ಚಿನ ಭಾಗವು, ನಷ್ಟವಾಗಬಾರದೆಂಬುದು ಅದರ ಇನ್ನೊಂದು ಶಿಫಾರಸು. ಈ ವ್ಯವಹಾರಗಳಲ್ಲಿ ಶಾಸ್ತ್ರಜ್ಞರ ಪರವಾಗಿ ವಾದಿಸಲು ೧೯೬೦ರಲ್ಲಿ ಸ್ಥಾಪಿತವಾದ ಐಯುಕ್ಯಾಫ್ ಎಂಬ ಮಂಡಲಿಯು ಇಂದಿಗೂ ಕೆಲಸ ಮಾಡುತ್ತಿದೆ.

ಪಟ್ಟಿಕೆಯಲ್ಲಿ ಗಡಿಯನ್ನು ಬರೆದಷ್ಟರಿಂದ ಅಲೆಯು ಆ ಗಡಿಯಲ್ಲೇ ನಿಲ್ಲುವುದಿಲ್ಲ. ಪಕ್ಕದ ಗದ್ದೆಯ ನೀರು ಬದುವಿನಲ್ಲಿ ಜಿನುಗುವಂತೆ ಪಕ್ಕದ ಪಟ್ಟಿಯ ಪ್ರೇಷಣವೂ ಇತ್ತ ಹರಿಯುವುದುಂಟು. ಇದಕ್ಕೆ ಹೈಡ್ರಾಕ್ಸಿಲ್ ಅಣುವಿನ ಕಥೆಯೇ ಸಾಕ್ಷಿ. ಮುದಿನಕ್ಷತ್ರಗಳ ಸುತ್ತಣ ಧೂಳಿನ ಕವಚಗಳಲ್ಲಿ ಈ ಅಣುವು ೧೬೧೨ ಮೆಗಾಹರ್ಟ್ಸಿನಲ್ಲಿ ಪ್ರಬಲವಾಗಿ ನುಡಿಯುವುದು. ೧೯೮೨ರಿಂದ ಹಾರಿದ ಗ್ಲೊನಾಸ್ ಎಂಬ ರಷ್ಯದ ಪಥದರ್ಶಕ ಉಪಗ್ರಹಗಳ ಅಲೆಗಳು ಈ ರೇಖೆಯ ಮೇಲೆಯೇ ಬಿದ್ದುವು. ೧೯೯೨ರ ಸಮ್ಮೇಳನದಲ್ಲಿ ೧೬೧೦.೬ರಿಂದ ೧೬೧೩.೮ರ ವರೆಗಿನ ಪಟ್ಟಿಯಲ್ಲಿ ಖಗೋಳಶಾಸ್ತ್ರಕ್ಕೆ ಪ್ರಥಮಸ್ಥಾನವು ದೊರೆಯಿತು. ಮಾರನೆಯ ವರ್ಷ ಐಯುಕ್ಯಾಫಿನೊಡನೆ ಆದ ಒಪ್ಪಂದದ ಮೇರೆಗೆ ಗ್ಲೊನಾಸಿನವರು ತಮ್ಮ ಅಲೆಗಳನ್ನು ಕ್ರಮವಾಗಿ ಕೆಳಗಿನ ಆವರ್ತಾಂಕಗಳಿಗೆ ಸರಿಸಲು ಒಪ್ಪಿದರು. ಶಾಸನವಾದ ಮೇಲೂ ಸಂಧಾನವು ಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

೪

ಕಟ್ಟಳೆಯು ಸಾಲದೆಡೆ ಸ್ಥಳವು ನೆರವಾಗುವುದು. ಅಮೆರಿಕದಲ್ಲಿ ೧೯೫೮ರಲ್ಲಿ ಗ್ರೀನ್ ಬ್ಯಾಂಕ್ ವೇಧಶಾಲೆಯ ಸುತ್ತ ೧೩,೦೦೦ ಚದರ ಮೈಲಿಗಳ ಪ್ರದೇಶವು ರಾಷ್ಟ್ರೀಯ ರೇಡಿಯೊ ಮೌನವಲಯವೆಂದು ಗೊತ್ತುಮಾಡಲ್ಪಟ್ಟಿತು. ದಕ್ಷಿಣ ಆಫ್ರಿಕವು ೨೦೦೭ರಲ್ಲಿ ಈ ಉದ್ದೇಶಕ್ಕಾಗಿಯೇ ಒಂದು ಶಾಸನವನ್ನು ಮಾಡಿತು. ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಪ್ರದೇಶವೂ ಇಂತಹುದೇ. ಭಾರತದಲ್ಲಿ ೧೯೭೦ರಲ್ಲಿ ಸಿದ್ಧವಾದ ಉದಕಮಂಡಲದ ದೂರದರ್ಶಕವು ೩೨೬.೫ ಮೆಗಾಹರ್ಟ್ಸಿನಲ್ಲಿ, ಎಂದರೆ ಖಗೋಳಶಾಸ್ತ್ರಕ್ಕೆ ಸಂದ ೩೨೨ರಿಂದ ೩೨೮.೬ರ ವರೆಗಿನ ಪಟ್ಟಿಯೊಳಗೆ, ಕೆಲಸ ಮಾಡುವುದು. ಪುಣೆಯ ಬಳಿ ಖೋಡದದಲ್ಲಿ ೪೫ ಮೀಟರು ವ್ಯಾಸದ ೩೦ ತಟ್ಟೆಗಳ ಮಹಾದೂರದರ್ಶಕವನ್ನು ಗೋವಿಂದ ಸ್ವರೂಪರು ಯೋಜಿಸಿದಾಗ, ಮೀಟರು ಅಲೆಗಳಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಇಲ್ಲಿ ಗದ್ದಲವು ಕಡಿಮೆಯೆಂಬುದೂ ಒಂದು ಕಾರಣವಾಗಿದ್ದಿತು.

ಕರ್ಣಾಟಕದ ನೆಲಕ್ಕೂ ಈ ವಿಷಯಕ್ಕೂ ನೇರವಾದ ಸಂಬಂಧವುಂಟು. ರಾಮನ್ ಸಂಶೋಧನ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಜೊತೆಗೂಡಿ ಗೌರಿಬಿದನೂರಿನ ಬಳಿ ಕಟ್ಟಿದ, ಸಾವಿರ ಗ್ರಾಹಕದಂಡಗಳ ದೂರದರ್ಶಕವು ೩೪.೫ ಮೆಗಾಹರ್ಟ್ಸಿನಲ್ಲಿ ಆಕಾಶವನ್ನು ಅಳೆಯಿತು. ಅದಕ್ಕೆ ಸಮೀಪವಾಗಿ ಅಂತರರಾಷ್ಟ್ರೀಯ ಪಟ್ಟಿಕೆಯು ಖಗೋಳಶಾಸ್ತ್ರಕ್ಕೆ ಕೊಟ್ಟಿರುವುದು ೩೭.೫ರಿಂದ ೩೮.೨೫ರ ವರೆಗಿನ ಪಟ್ಟಿ, ಅಲ್ಲಿಯೂ ಗೌಣಸ್ಥಾನವೇ. ಆದುದರಿಂದ ಗೌರಿಬಿದನೂರಿನ ಯಂತ್ರಕ್ಕೆ ಆಶ್ರಯವಾದುದು ಪಟ್ಟಿಕೆಯಲ್ಲ, ಸ್ಥಳದ ಮೌನ.

ಇದಕ್ಕಿಂತ ಈಚಿನ ಉದಾಹರಣೆಯೊಂದು ಇನ್ನೂ ಬೋಧಪ್ರದವಾದುದು. ವಿಶ್ವದ ಪ್ರಥಮ ನಕ್ಷತ್ರಗಳು ಹೊತ್ತಿಕೊಂಡ ಕಾಲದಲ್ಲಿ ಜಲಜನಕವು ಸೂಸಿದ ೨೧ ಸೆಂಟಿಮೀಟರಿನ ಅಲೆಗಳು, ವಿಶ್ವವು ಹಿಗ್ಗಿರುವ ಕಾರಣ, ಈಗ ಹಲವು ಮೀಟರು ಉದ್ದವಾಗಿ ನೂರು ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಭೂಮಿಯನ್ನು ಸೇರುವುವು. ಕಾದಿರಿಸಿದ ೧೪೦೦-೧೪೨೭ರ ಪಟ್ಟಿಯು ಇವಕ್ಕೆ ರಕ್ಷೆಯಲ್ಲ. ೮೮ರಿಂದ ೧೦೮ರ ವರೆಗಿನ ಎಫ್.ಎಂ. ಬಾನುಲಿಯ ಪಟ್ಟಿಯು ಇವುಗಳ ನಡುವೆಯೇ ಬಿದ್ದಿದೆ. ಮರ್ಚಿಸನ್ನಿನ ಮೌನವಲಯದಲ್ಲಿ ಎಡ್ಜಸ್ ಎಂಬ ಯಂತ್ರವನ್ನಿಟ್ಟವರು ೭೮ ಮೆಗಾಹರ್ಟ್ಸಿನ ಬಳಿ ಈ ಉಷಃಕಾಲದ ಗುರುತು ಕಂಡಿತೆಂದು ೨೦೧೮ರಲ್ಲಿ ಸಾರಿದರು. ರಾಮನ್ ಸಂಶೋಧನ ಸಂಸ್ಥೆಯವರು ತಮ್ಮ ಸರಸ್ ೩ ಎಂಬ ಗ್ರಾಹಕವನ್ನು ತೆಪ್ಪದ ಮೇಲಿರಿಸಿ, ೨೦೨೦ರ ಆದಿಯಲ್ಲಿ ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟು ಆಲಿಸಿದರು. ಗ್ರಾಹಕದ ಕೆಳಗೆ ಏಕರೂಪವಾದ ನೀರಿರಬೇಕು, ಸುತ್ತಲೂ ಊರಿನ ಗದ್ದಲವಿರಕೂಡದು ಎಂಬುದು ಇದರ ಮರ್ಮ. ಆ ಗುರುತು ಅಲ್ಲಿ ಕಾಣಲಿಲ್ಲವೆಂದು ೨೦೨೨ರಲ್ಲಿ ಪ್ರಕಟವಾದ ಅವರ ಫಲಿತಾಂಶವು ತಿಳಿಸಿತು. ವಿಶ್ವದ ಆದಿಯನ್ನು ಕುರಿತ ವಾದವೊಂದರ ಇತ್ಯರ್ಥಕ್ಕೆ ಮಲೆನಾಡಿನ ಹಿನ್ನೀರಿನ ನಿಶ್ಶಬ್ದವು ಸಾಧನವಾಯಿತು. ಅಂತಹ ನಿಶ್ಶಬ್ದವು ಅಳಿದರೆ ವಾದಗಳು ಉಳಿದುಕೊಳ್ಳುವುವು, ಇತ್ಯರ್ಥವು ಆಗದು.

೫

ನೆಲದ ಗದ್ದಲಕ್ಕೆ ಬೆಟ್ಟವು ಮರೆಯಾಗಬಲ್ಲದು. ನೆತ್ತಿಯ ಮೇಲಿಂದ ಬರುವುದಕ್ಕೆ ಯಾವುದೂ ಮರೆಯಿಲ್ಲ. ಈಚಿನ ವರ್ಷಗಳಲ್ಲಿ ಸಾವಿರಾರು ಸಂಪರ್ಕ ಉಪಗ್ರಹಗಳು ಕೆಳಗಣ ಕಕ್ಷೆಗಳನ್ನು ತುಂಬಿವೆ. ಮೌನವಲಯಗಳ ಕಟ್ಟಳೆಯು ನೆಲದ ಮೇಲಿನ ಪ್ರೇಷಕಗಳನ್ನು ಕುರಿತುದಾದ್ದರಿಂದ ಇವುಗಳಿಗೆ ತಗಲುವುದಿಲ್ಲ. ಯೂರೋಪಿನ ಲೋಫಾರ್ ದೂರದರ್ಶಕದಿಂದ ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ೬೮ನ್ನು ಪರೀಕ್ಷಿಸಲಾಗಿ, ೪೭ರಿಂದ ೧೧೦-೧೮೮ ಮೆಗಾಹರ್ಟ್ಸಿನ ನಡುವೆ ಅಲೆಗಳು ಸೋರುತ್ತಿದ್ದುದು ಕಂಡಿತೆಂದು ೨೦೨೩ರಲ್ಲಿ ವರದಿಯಾಯಿತು. ಖಗೋಳಶಾಸ್ತ್ರಕ್ಕೆ ಸಂದ ೧೫೦.೦೫-೧೫೩ರ ಪಟ್ಟಿಯೂ ಇದರೊಳಗೆ ಸೇರಿದೆ. ಎರಡನೆಯ ತಲೆಮಾರಿನ ಉಪಗ್ರಹಗಳಲ್ಲಿ ಈ ಸೋರಿಕೆಯು ೩೨ ಪಟ್ಟಿನ ವರೆಗೆ ಪ್ರಬಲವೆಂದು ೨೦೨೪ರಲ್ಲಿ ತಿಳಿದುಬಂದಿತು. ಇವು ಸಂದೇಶವಾಹಕವಾದ ಅಲೆಗಳಲ್ಲ, ಒಳಗಣ ವಿದ್ಯುತ್‌ಸಾಧನಗಳಿಂದ ಉದ್ದೇಶವಿಲ್ಲದೆ ಹೊರಬೀಳುವಂತಹುವು. ಒಕ್ಕೂಟದ ಕಟ್ಟಳೆಗಳು ಪ್ರೇಷಣವನ್ನು ಕುರಿತು ಹುಟ್ಟಿದುವಾದುದರಿಂದ ಇಂತಹ ಸೋರಿಕೆಗೆ ಅವುಗಳಲ್ಲಿ ಸ್ಪಷ್ಟವಾದ ಮಿತಿಯು ಏರ್ಪಟ್ಟಿಲ್ಲ.

ಇದರ ಎದುರುಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ದೂರದ ಹಳ್ಳಿಗೆ ಸಂಪರ್ಕವನ್ನು ಒದಗಿಸುವ, ಹಡಗಿಗೆ ದಾರಿಯನ್ನು ತೋರುವ, ಚಂಡಮಾರುತದ ಮುನ್ಸೂಚನೆಯನ್ನು ಮುಟ್ಟಿಸುವ ಅಲೆಗಳು ಲೋಕೋಪಕಾರಕವಾದುವು. ಅವು ನಿಲ್ಲಬೇಕೆಂದು ಯಾವ ಶಾಸ್ತ್ರಜ್ಞನೂ ಕೇಳುತ್ತಿಲ್ಲ. ದೂರದರ್ಶಕದ ಮೇಲೆ ಹಾದುಹೋಗುವಾಗ ಉಪಗ್ರಹವು ತನ್ನ ಅಲೆಯನ್ನು ಅತ್ತಿತ್ತ ತಿರುಗಿಸಿಕೊಳ್ಳಬೇಕು. ಸೋರಿಕೆಯನ್ನು ಯಂತ್ರರಚನೆಯ ಕಾಲದಲ್ಲಿಯೇ ತಡೆಯಬೇಕು. ಕೆಲವು ಸ್ಥಳಗಳೂ ಕೆಲವು ಪಟ್ಟಿಗಳೂ ಮೌನವಾಗಿ ಉಳಿಯಬೇಕು. ಅವರ ಕೋರಿಕೆಯು ಇಷ್ಟೇ. ಮೌನವಲಯಗಳನ್ನು ಉಪಗ್ರಹಗಳಿಂದ ಕಾಪಾಡುವ ಪ್ರಶ್ನೆಯನ್ನು ೨೦೨೭ರ ಸಮ್ಮೇಳನದ ವಿಷಯಪಟ್ಟಿಯಲ್ಲಿ ಸೇರಿಸಿರುವುದು ಶುಭಸೂಚನೆ.

ಭೂಮಿಯ ಗದ್ದಲವು ಮುಟ್ಟದಿರುವ ಸಮೀಪದ ನೆಲೆಯೆಂದರೆ ಚಂದ್ರನ ಮರೆಭಾಗ. ಅದನ್ನೂ ರಕ್ಷಿತವಲಯವೆಂದು ಒಕ್ಕೂಟದ ನಿಬಂಧನೆಗಳು ಮುಂಚಿತವಾಗಿಯೇ ಘೋಷಿಸಿವೆ. ಆದರೆ ಚಂದ್ರನ ಸುತ್ತಲೂ ನೌಕೆಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಘೋಷಣೆಯ ಸತ್ತ್ವಪರೀಕ್ಷೆಯೂ ದೂರವಿಲ್ಲ. ಗಾಳಿ ನೀರುಗಳಂತೆ ಮೌನವೂ ಸರ್ವಸಾಮಾನ್ಯವಾದ ಸ್ವತ್ತು. ಅದನ್ನು ಬಳಸುವವರಿಂದ ಸದ್ದಾಗದಿರುವುದರಿಂದ ಅದು ಕಳೆದುಹೋಗುವುದು ಬಲುಬೇಗ ಯಾರ ಗಮನಕ್ಕೂ ಬಾರದು. ಸಾವಿರಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಪಯಣಿಸಿ ಬರುವ ಅಲೆಯು ಭೂಮಿಯನ್ನು ಸೇರುವ ಕೊನೆಯ ಗಳಿಗೆಯಲ್ಲಿ ಅಳಿಸಿಹೋಗದಂತೆ ನೋಡಿಕೊಳ್ಳುವ ಹೊಣೆಯು, ಶಾಸ್ತ್ರಜ್ಞರಿಗೆ ಎಷ್ಟೋ ಅಷ್ಟೇ, ಕಟ್ಟಳೆಯನ್ನು ಬರೆಯುವವರಿಗೂ ಸೇರಿದುದಾಗಿದೆ.