ಹೈಡ್ರೋಜನ್ ಹಡಗಿನೊಳಗೆ ಸಿಗರೇಟ್ ಕೋಣೆ

ಎರಡು ಲಕ್ಷ ಘನ ಮೀಟರ್ ಹೈಡ್ರೋಜನ್ ತುಂಬಿಕೊಂಡು ಹಾರ್ತಿದ್ದ ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲಿ ಸಿಗರೇಟ್ ಸೇದೋಕಂತಲೇ ಒಂದು ಕೋಣೆ ಇತ್ತು! ಹುಚ್ಚಾಟ ಅನ್ಸುತ್ತೆ, ಆದ್ರೆ ಲೆಕ್ಕ ಪಕ್ಕಾ. ಕೋಣೆಯೊಳಗೆ ಗಾಳಿಯ ಒತ್ತಡ ಹೊರಗಿಗಿಂತ ತುಸು ಜಾಸ್ತಿ. ಸೋರಿದ ಅನಿಲ ಒಳಗೆ ನುಗ್ಗೋ ಹಾಗಿಲ್ಲ. ಜೋಡಿ ಬಾಗಿಲು, ಒಂದೇ ಒಂದು ವಿದ್ಯುತ್ ಲೈಟರ್. ಬೆಂಕಿಪೊಟ್ಟಣವನ್ನಂತೂ ಹತ್ತೋಕೆ ಮುಂಚೆಯೇ ಇಸ್ಕೊಳ್ತಿದ್ರು.

ಇಷ್ಟು ದೊಡ್ಡದು ತೇಲೋದು ಹೇಗೆ? ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುತ್ತೆ, ಅಷ್ಟೇ ಹೈಡ್ರೋಜನ್ ಬರೀ 90 ಗ್ರಾಂ. ಆ ವ್ಯತ್ಯಾಸವೇ ಎತ್ತೋ ಬಲ. ಹೀಲಿಯಂ ಹೈಡ್ರೋಜನ್‌ನ ಎರಡರಷ್ಟು ಭಾರ, ಆದ್ರೂ ಬಲ ತಗ್ಗೋದು ಶೇಕಡಾ 8ರಷ್ಟೇ. ಮೇಲಾಗಿ ಉರಿಯೋದೇ ಇಲ್ಲ. ಆದ್ರೆ ಹೀಲಿಯಂ ಇದ್ದದ್ದು ಅಮೆರಿಕದ ಕೈಯಲ್ಲಿ, ಜರ್ಮನಿಗೆ ಸಿಗಲಿಲ್ಲ.

1937ರ ಮೇ 6, ನ್ಯೂಜೆರ್ಸಿಯ ಲೇಕ್‌ಹರ್ಸ್ಟ್. ಇಳಿಯುವಾಗ ಹಿಂಡೆನ್‌ಬರ್ಗ್‌ನ ಬಾಲದ ಹತ್ತಿರ ಬೆಂಕಿ. ಸುಮಾರು ಅರ್ಧ ನಿಮಿಷದಲ್ಲಿ ಇಡೀ ನೌಕೆ ನೆಲಕ್ಕೆ, 36 ಸಾವು. ಸೋರಿದ ಹೈಡ್ರೋಜನ್‌ಗೆ ಸ್ಥಾಯಿ ವಿದ್ಯುತ್ತಿನ ಕಿಡಿ ತಾಗಿತು ಅನ್ನೋದು ಹೆಚ್ಚಿನ ತಜ್ಞರ ಅಂದಾಜು.