ಅಮೆರಿಕದ ಮೊಮ್ಮಗ ಎಷ್ಟು ಸಲ ಬರಬಹುದು?

ಪ್ರಶ್ನೆ: ಅಮೆರಿಕದಲ್ಲೇ ಹುಟ್ಟಿ, ಅಲ್ಲಿಯ ಪಾಸ್‌ಪೋರ್ಟ್ ಇರುವ ನಮ್ಮ ಮೊಮ್ಮಗ ವೀಸಾ ಇಲ್ಲದೆ ವರ್ಷಕ್ಕೆ ಎಷ್ಟು ಸಲ ಹೊಳೆನರಸೀಪುರಕ್ಕೆ ಬಂದುಹೋಗಬಹುದು?

ಉತ್ತರ: ಬರೀ ಆ ಪಾಸ್‌ಪೋರ್ಟ್ ಹಿಡಿದು ಒಂದು ಸಲವೂ ಬರುವಂತಿಲ್ಲ. ವೀಸಾ ಕೇಳದೆ ಭಾರತ ಒಳಗೆ ಬಿಡುವುದು ನೇಪಾಳ, ಭೂತಾನಿನವರನ್ನು. 90 ದಿನದ ಮಟ್ಟಿಗೆ ಮಾಲ್ಡೀವ್ಸ್‌ನವರನ್ನು. ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಹೋಗುವ ಬಿಳಿಯ ಪ್ರವಾಸಿಗರು ಸಾಮಾನ್ಯವಾಗಿ ಇ-ವೀಸಾ ಪಡೆದು ಬಂದವರು. 30 ದಿನದ ಇ-ವೀಸಾದಲ್ಲಿ ಎರಡು ಸಲ ಒಳಬರಬಹುದು; ಒಂದು ವರ್ಷದ್ದು, ಐದು ವರ್ಷದ್ದಾದರೆ ಹಲವು ಸಲ.

ಮೊಮ್ಮಗನಿಗೆ ಇದಕ್ಕಿಂತ ಒಳ್ಳೆಯ ದಾರಿ ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡು. 2005ರಿಂದ ಜಾರಿಯಲ್ಲಿರುವ ಇದು ಜೀವನಪರ್ಯಂತದ ವೀಸಾ ಇದ್ದ ಹಾಗೆ: ಹಬ್ಬಕ್ಕೆ, ಜಾತ್ರೆಗೆ, ಸುಮ್ಮನೆ ಅಜ್ಜಿಯನ್ನು ನೋಡಲಿಕ್ಕೆ, ಎಷ್ಟು ಸಲವಾದರೂ ಬರಲಿ, ಎಷ್ಟು ದಿನವಾದರೂ ಇರಲಿ. ಪೊಲೀಸು, ಎಫ್‌ಆರ್‌ಆರ್‌ಓ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿಯ ತಾಪತ್ರಯವೂ ಇಲ್ಲ. 20 ವರ್ಷ ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದಾಗ ಒಮ್ಮೆ ಕಾರ್ಡನ್ನೂ ಹೊಸದಾಗಿ ಮಾಡಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಆದರೆ ಅದು ಪೌರತ್ವವಲ್ಲ, ಓಟು ಹಾಕುವಂತಿಲ್ಲ. ಹಾಸನದಲ್ಲಿ ಮನೆ ಕೊಳ್ಳಬಹುದು, ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಹೊಲ ಕೊಳ್ಳುವಂತಿಲ್ಲ. ನಿಮ್ಮ ಜಮೀನು ವಾರಸುದಾರಿಕೆಯಿಂದ ಅವನಿಗೆ ಬಂದರೆ ಮಾತ್ರ ಅಡ್ಡಿಯಿಲ್ಲ.