ಟ್ಯಾಂಕಿನ ಆಚೆಗಿನ ಮಣ್ಣು

ಮೇ ತಿಂಗಳಲ್ಲಿ ಸಾವಳಗಿ ಸುತ್ತಿನ ಎರಿ ಹೊಲಕ್ಕೆ ಇಳಿದರೆ ಕೈ ತೂರುವಷ್ಟು ಬಿರುಕು. ಅದೇ ನೆಲ ಎರಡು ದೊಡ್ಡ ಮಳೆ ಕುಡಿದ ಮೇಲೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮೇಲೆ ನಿಂತ ನೀರು ಒಳಗೆ ಇಳಿಯುವುದೇ ಇಲ್ಲ. ಜಮಖಂಡಿ ತಾಲೂಕಿನ ಈ ಸೀಮೆಯಲ್ಲಿ ಮನೆಗೆ ಸೆಪ್ಟಿಕ್ ಟ್ಯಾಂಕ್ ಕಟ್ಟುವವರು ಇಟ್ಟಿಗೆ, ಸಿಮೆಂಟಿಗೂ ಮೊದಲು ಈ ಮಣ್ಣಿನ ಗುಣವನ್ನು ಲೆಕ್ಕಕ್ಕೆ ಹಿಡಿಯಬೇಕು.

ಟ್ಯಾಂಕಿನ ಕೆಲಸ ಸರಳ. 1860ರ ಸುಮಾರಿಗೆ ಫ್ರಾನ್ಸಿನಲ್ಲಿ ಇದರ ಮೂಲ ರೂಪ ಕಾಣಿಸಿಕೊಂಡಿತು. ‘ಸೆಪ್ಟಿಕ್ ಟ್ಯಾಂಕ್’ ಎಂಬ ಹೆಸರಿಟ್ಟವರು ಇಂಗ್ಲೆಂಡಿನ ಎಕ್ಸೆಟರ್ ಊರಿನ ಡೊನಾಲ್ಡ್ ಕ್ಯಾಮರಾನ್, 1895ರಲ್ಲಿ. ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ತೇಲುತ್ತದೆ, ನಡುವಿನ ನೀರು ಟೀ ಪೈಪಿನಿಂದ ಹೊರಗೆ, ಇಂಗುಗುಂಡಿಗೆ ಹೋಗುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಳದ ಕೆಸರನ್ನು ನಿಧಾನಕ್ಕೆ ಕರಗಿಸುತ್ತವೆ. ಆದರೆ ಹೊರಬರುವ ನೀರಿನಲ್ಲಿ ರೋಗಾಣುಗಳು ಹಾಗೇ ಇರುತ್ತವೆ. ಅವನ್ನು ಸೋಸಿ ಕೊಲ್ಲುವುದು ಇಂಗುಗುಂಡಿಯ ಸುತ್ತಲಿನ, ಗಾಳಿಯಾಡುವ ಮಣ್ಣು. ಯಂತ್ರದ ಅರ್ಧ ಭಾಗ ಅದು, ನಾವು ಕಟ್ಟಿದ್ದಲ್ಲ.

ಮಣ್ಣನ್ನು ಅಳೆಯುವ ಕ್ರಮವನ್ನು ಭಾರತೀಯ ಮಾನಕ ಐಎಸ್ 2470 ಹೇಳುತ್ತದೆ. ಇಂಗುಗುಂಡಿ ಬರುವ ಜಾಗದಲ್ಲಿ ಸಣ್ಣ ಕುಣಿ ತೋಡಿ, ನೀರು ತುಂಬಿ, ಮಟ್ಟ 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಬೇಕು. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಸಾಕು. 60 ದಾಟಿದರೆ ಇಂಗಿಸುವ ಆಸೆ ಬಿಡಬೇಕು. ಜಲ್ಲಿ ತುಂಬಿದ ತೊಟ್ಟಿಯಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಸೋಸುವಂಥ ಬೇರೆ ದಾರಿ ಹುಡುಕಬೇಕು.

ಎರಿ ಮಣ್ಣು ಮೋಸ ಮಾಡುವುದು ಇಲ್ಲೇ. ಬೇಸಿಗೆಯಲ್ಲಿ ಒಂದು ಕೊಡ ಹೊಯ್ದರೆ ನೀರು ಬಿರುಕಿನಲ್ಲಿ ಸರ್ರನೆ ಮಾಯವಾಗುತ್ತದೆ, ‘ಭಾಳ ಚಲೋ ಇಂಗತೈತಿ’ ಅನ್ನಿಸುತ್ತದೆ. ಈ ಮಣ್ಣಿನ ಜೇಡಿಕಣಗಳು ಪದರ ಪದರವಾಗಿದ್ದು, ಪದರಗಳ ನಡುವೆ ನೀರು ಹೊಕ್ಕಂತೆ ಹಿಗ್ಗಿ ರಂಧ್ರಗಳನ್ನು ಮುಚ್ಚುತ್ತವೆ. ಅದಕ್ಕೇ ಅಳೆಯುವ ಮೊದಲು ಕುಣಿಯನ್ನು ಇಡೀ ರಾತ್ರಿ ನೆನೆಸಿಡಬೇಕು. ಬೆಳಗಿನ ಅಳತೆಯೇ ನಿಜವಾದದ್ದು.

ಹಳ್ಳಿಯಲ್ಲಿ ಈ ಅಳತೆ ಮಾಡುವವರು ಯಾರು? ಟ್ಯಾಂಕಿನ ಉದ್ದ, ಅಗಲ, ಜಾಗ ಎಲ್ಲವನ್ನೂ ಗೌಂಡಿಯೇ ನಿಂತಲ್ಲೇ ನಿರ್ಧರಿಸುತ್ತಾನೆ. ಅವನ ಕೈಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಮಣ್ಣು ಪರೀಕ್ಷಿಸುವುದನ್ನು ಅವನಿಗೆ ಯಾರೂ ಕಲಿಸಿಲ್ಲ, ಕೇಳುವವರೂ ಇಲ್ಲ. ತಳಕ್ಕೆ ಕಾಂಕ್ರೀಟು ಹಾಕದೆ ಸಿಮೆಂಟ್ ರಿಂಗುಗಳನ್ನು ಇಳಿಸಿ ಅದನ್ನೇ ಸೆಪ್ಟಿಕ್ ಟ್ಯಾಂಕ್ ಅನ್ನುವುದೂ ಉಂಟು. ‘ನಮ್ಮ ಟ್ಯಾಂಕ್ ಇಪ್ಪತ್ತು ವರ್ಷ ಆದರೂ ತುಂಬಿಲ್ಲ’ ಎಂದು ಹೆಮ್ಮೆಪಡುವ ಮನೆಯವರು ತಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕಳಿಸಬೇಕು. ಸರಿಯಾಗಿ ಕಟ್ಟಿದ ಟ್ಯಾಂಕಿನ ಕೆಸರನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕಾಗುತ್ತದೆ. ಅದೂ ಯಂತ್ರದಿಂದ: ಒಳಗಿನ ಹೈಡ್ರೋಜನ್ ಸಲ್ಫೈಡ್ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ.

ಅಮೆರಿಕದ ಮೇನ್ ರಾಜ್ಯದಲ್ಲಿ 1970ರ ದಶಕದಿಂದಲೂ ಮಣ್ಣು ಪರೀಕ್ಷೆಗೆ ಪರವಾನಗಿ ಪಡೆದವರೇ ಬೇಕು. ಅವರು ಗುಂಡಿ ತೋಡಿಸಿ ಮಣ್ಣಿನ ಪದರಗಳನ್ನು ಓದುತ್ತಾರೆ. ಬೂದು, ಕೆಂಪು ಮಚ್ಚೆಗಳನ್ನು ನೋಡಿ ಮಳೆಗಾಲದಲ್ಲಿ ಅಂತರ್ಜಲ ಎಲ್ಲಿಯವರೆಗೆ ಏರುತ್ತದೆಂದು ಹೇಳುತ್ತಾರೆ. ನಕ್ಷೆಗೆ ಸಹಿ ಅವರದು, ಹೊಣೆಯೂ ಅವರದೇ.

ನಮ್ಮಲ್ಲಿ ಇದು ಗೌಂಡಿಗಳಿಂದಲೇ ಶುರುವಾಗಲಿ ಎಂಬುದು ನನ್ನ ಆಗ್ರಹ. ಪದವಿ ಬೇಡ, ಕೆಲವು ದಿನಗಳ ತರಬೇತಿ ಮತ್ತು ಒಂದು ಪ್ರಮಾಣಪತ್ರ ಸಾಕು. ಕಬ್ಬಿಗೆ ವರ್ಷವಿಡೀ ನೀರು ಹಾಯುವ ಈ ಸೀಮೆಯಲ್ಲಿ ಅಂತರ್ಜಲ ಮೇಲೇ ಇರುವ ಜಾಗಗಳಿವೆ. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ 18 ಮೀಟರ್ ದೂರವಿರಬೇಕೆಂಬ ಮಾನಕದ ಮಾತು ಇಲ್ಲಿ ಬಿಗಿಯಾಗಿಯೇ ಪಾಲನೆಯಾಗಬೇಕು. ಮನೆ ಕಟ್ಟಲು ಅನುಮತಿ ಕೊಡುವ ಗ್ರಾಮ ಪಂಚಾಯಿತಿ, ಅರ್ಜಿಯ ಜೊತೆ ಇನ್ನೊಂದು ಹಾಳೆ ಕೇಳಲಿ: ರಾತ್ರಿಯಿಡೀ ನೆನೆಸಿದ ಕುಣಿಯಲ್ಲಿ ನೀರು ಇಳಿಯಲು ಹಿಡಿದ ನಿಮಿಷಗಳು, ಬಾವಿಗೆ ಇರುವ ದೂರ, ಅಳೆದ ಗೌಂಡಿಯ ಸಹಿ.